ಕ್ರೇನಿನ ಗೂಡಿಗೆ ಬಂದ ಎಸಿ

“ನಿನ್ನ ಭಾವನಿಗೆ ಎಸಿ ಬೇಕಂತೆ. ಇವತ್ತು ಎಸಿ ಕೊಟ್ರೆ ನಾಳೆ ಹಾಸಿಗೆ ಕೇಳ್ತಾನೆ, ಬೋಳಿಮಗ.”

ಸಾಹೇಬ ಇದನ್ನು ಹೇಳಿದಾಗ ನಾನು ಅವನ ಕೋಣೆಯಲ್ಲಿ ಸ್ಟೂಲಿನ ಮೇಲೆ ನಿಂತು ಹೊಸ ಎಸಿಯ ಕೊನೆಯ ಸ್ಕ್ರೂ ಬಿಗಿಯುತ್ತಿದ್ದೆ. ನೆಲ ಕೊಳೆಯಾದೀತೆಂದು ಬೂಟು ಬಾಗಿಲಾಚೆ ಬಿಡಿಸಿದ್ದ. ಸ್ಟೂಲಿನ ಕಾಲಡಿಗೂ ಹಳೆ ಪೇಪರು ಹಾಸಿಸಿದ್ದ. ಎಸಿ ಬಂದ ಪೆಟ್ಟಿಗೆ ಮೂಲೆಯಲ್ಲಿ ಬಿದ್ದಿತ್ತು, ಅದರ ಮೇಲೆ ಕ್ರೇನಿನ ಕ್ಯಾಬಿನ್‌ಗೆ ಎಂದು ದಪ್ಪ ಅಕ್ಷರದಲ್ಲಿ ಬರೆದಿತ್ತು.

ಈ ಕಬ್ಬಿಣ ಕರಗಿಸುವ ಕಾರ್ಖಾನೆಯಲ್ಲಿ ಎಸಿ ನೋಡಿಕೊಳ್ಳುವವನು ನಾನು. ಎಲ್ಲರ ಬಾಯಲ್ಲೂ ನನಗೆ ಗ್ಯಾಸು ಎಂದೇ ಹೆಸರು. ನನ್ನ ಅಕ್ಕನ ಗಂಡ ಕ್ರೇನ್ ಓಡಿಸುತ್ತಾನೆ. ಕರಗಿದ ಕಬ್ಬಿಣ ತುಂಬಿದ ಬಾನಿಯನ್ನು ಎತ್ತಿ ಸಾಗಿಸುವ ಕ್ರೇನು ಅದು. ಅದರ ನೆತ್ತಿಯಲ್ಲಿ ಭಾವ ಕೂರುವ ಗಾಜಿನ ಗೂಡಿದೆ. ಮನೆಗೆ ಹಾಕುವ ಎಸಿ ಅಲ್ಲಿ ಬಾಳುವುದಿಲ್ಲ. ಒಳಗಿನ ಕಾವನ್ನು ಹೊರಗೆ ತಳ್ಳೋಣವೆಂದರೆ ಹೊರಗೆ ಅದರಪ್ಪನಂಥ ಕಾವು. ಸಾಲದ್ದಕ್ಕೆ ಎಣ್ಣೆಹೊಗೆಗೆ ಕಬ್ಬಿಣದ ಧೂಳು ಅಂಟಿ ಹೊರಗಿನ ಜಾಲರಿ ಗಾರೆ ಬಳಿದ ಹಾಗೆ ಮುಚ್ಚಿಹೋಗುತ್ತದೆ. ಅರವತ್ತೈದು ಡಿಗ್ರಿ ತಡೆಯುವ ಯಂತ್ರ ತರಿಸಿ ಎಂದು ನಾನು ಎಂಟು ತಿಂಗಳು ಅರ್ಜಿ ಬರೆದೆ. ಕೊನೆಗೂ ಬಂತು, ಬಂದು ಸಾಹೇಬನ ಗೋಡೆಗೆ ಕೂತಿತು. ಅವನ ಹಳೆಯದೂ ಚೆನ್ನಾಗಿಯೇ ಓಡುತ್ತಿತ್ತು. ಸ್ವಲ್ಪ ಸದ್ದು ಮಾಡುತ್ತದಂತೆ, ಅಷ್ಟೆ.

ಕ್ರೇನನ್ನು ಒಂದು ಗಂಟೆ ನಿಲ್ಲಿಸಿದರೆ ಗೂಡಿನಲ್ಲಿರುವ ಹಾಳಾದ ಹಳೇ ಎಸಿಯನ್ನಾದರೂ ತೊಳೆದುಕೊಡುತ್ತೇನೆ ಎಂದೆ. ಊಟದ ಹತ್ತು ನಿಮಿಷದಲ್ಲಿ ತೊಳೆ ಎಂದ. ಸೋಪುನೀರು ನೆನೆಯುವುದಕ್ಕೇ ಇಪ್ಪತ್ತು ನಿಮಿಷ ಬೇಕು, ರಭಸವಾಗಿ ನೀರು ಹೊಡೆದರೆ ಜಾಲರಿ ಮಡಚಿಕೊಳ್ಳುತ್ತದೆ ಎಂದು ನಾನು ವಿವರಿಸುತ್ತಿದ್ದರೆ ಅವನು ಫೋನು ನೋಡುತ್ತಿದ್ದ. ಸ್ವಿಚ್ ಹಾಕಿದೆ. ತಣ್ಣನೆಯ ಗಾಳಿಗೆ ಮುಖವೊಡ್ಡಿ ಸಾಹೇಬ ಕಣ್ಣು ಮುಚ್ಚಿದ. ನನಗೆ ಮೈಯೆಲ್ಲ ಉರಿದುಹೋಯಿತು.

ಊಟದ ಗಂಟೆ ಹೊಡೆದ ಕೂಡಲೇ ಬಕೆಟ್ ಹಿಡಿದು ಏಣಿ ಹತ್ತಿದೆ. ಕೈಗವಸಿನೊಳಗೂ ಏಣಿಯ ಕಂಬಿ ಸುಡುತ್ತಿತ್ತು. ಭಾವ ಊಟಕ್ಕೆ ಇಳಿದಿರಲಿಲ್ಲ. ಲಿವರಿನ ಮೇಲೆ ಕೈಯಿಟ್ಟು ಕುರ್ಚಿಯಲ್ಲೇ ಕೂತಿದ್ದ. ದಿನವೂ ಬೆವರಲ್ಲಿ ತೊಯ್ದು ತೊಪ್ಪೆಯಾಗಿರುತ್ತಿದ್ದ ಮನುಷ್ಯನ ಮೈ ಒಣಗಿಹೋಗಿತ್ತು, ಮುಟ್ಟಿದರೆ ಕಾದ ಹಂಚು.

“ಭಾವಾ, ಒಂಚೂರು ನೀರು ಕುಡೀರಿ.”

“ಬಾಗಿಲು ಹಾಕೋ ಗ್ಯಾಸು,” ಎಂದ ಭಾವ. “ಚಳಿ ಆಗ್ತಿದೆ.”

ಬೆವರು ನಿಂತವನು ಚಳಿ ಎಂದರೆ ಕಾವು ತಲೆಗೇರಿದೆ ಎಂದೇ ಲೆಕ್ಕ. ಕೂಗಿ ಇಬ್ಬರನ್ನು ಕರೆದು, ಸೊಂಟಕ್ಕೆ ಹಗ್ಗ ಕಟ್ಟಿ ಅವನನ್ನು ಕೆಳಗಿಳಿಸಿದೆವು. ಕ್ರೇನಿನ ಕೆಳಗೆ ಗುಡಿಸುವ ಮುದುಕಿ, ನಾವು ಧೂಳಜ್ಜಿ ಎನ್ನುವವಳು, ತನ್ನ ಕುಡಿಯುವ ನೀರನ್ನೆಲ್ಲ ಅವನ ತಲೆಗೆ ಸುರಿದು ಒದ್ದೆ ಗೋಣಿ ಹೊದಿಸಿದಳು. ಆ ಇಬ್ಬರೇ ಅವನನ್ನು ಗುಜರಿ ಲಾರಿಯಲ್ಲಿ ಮಲಗಿಸಿಕೊಂಡು ಆಸ್ಪತ್ರೆಗೆ ಹೊರಟರು. ನಾನೂ ಲಾರಿಗೆ ಒಂದು ಕಾಲು ಇಟ್ಟಿದ್ದೆ.

ಅಷ್ಟರಲ್ಲಿ ಸಾಹೇಬನ ದನಿ ಕೇಳಿತು. ಬಾನಿ ತುಂಬಿ ನಿಂತಿದೆ, ಎತ್ತದಿದ್ದರೆ ಕಬ್ಬಿಣ ಗಟ್ಟಿಯಾಗುತ್ತದೆ, ಮುಂದಿನ ಪಾಳಿಯವನು ಈಗಲೇ ಹತ್ತಲಿ ಎನ್ನುತ್ತಿದ್ದ. ಹೊತ್ತಿಗೆ ಮುಂಚೆಯೇ ಬಂದಿದ್ದ ಆ ಪಾಳಿಯವನು ಮೂರು ಮಕ್ಕಳ ತಂದೆ. ಕೈಗವಸು ಏರಿಸಿಕೊಂಡು ಏಣಿ ಹಿಡಿದ. ನಾನು ಲಾರಿಯಿಂದ ಕಾಲು ತೆಗೆದೆ. ಭಾವನ ಜೊತೆ ಹೋಗದವನು ಅಕ್ಕನಿಗೆ ಯಾವ ಮುಖ ತೋರಿಸಲಿ ಎಂಬುದು ಎದೆಯಲ್ಲಿ ಕುಟುಕುತ್ತಲೇ ಇತ್ತು.

ಕ್ರೇನಿನ ಮುಖ್ಯ ಸ್ವಿಚ್ಚಿನ ಪಕ್ಕ ಕಂಪನಿಯೇ ಹಾಕಿಸಿದ ಒಂದು ಬೋರ್ಡಿದೆ. ರಿಪೇರಿಗೆ ನಿಂತ ಯಂತ್ರದ ಸ್ವಿಚ್ಚಿಗೆ ಕೆಲಸ ಮಾಡುವ ಪ್ರತಿಯೊಬ್ಬರೂ ತಮ್ಮ ತಮ್ಮ ಬೀಗ ಹಾಕಬೇಕು, ಒಬ್ಬರ ಬೀಗ ಇನ್ನೊಬ್ಬರು ತೆಗೆಯಕೂಡದು. ತಪಾಸಣೆಯವರು ಬರುವ ದಿನ ಅದನ್ನು ಒರೆಸಿ ಫೋಟೋ ತೆಗೆಸುತ್ತಾರೆ. ಸ್ವಿಚ್ ಇಳಿಸಿ, ಹಲವು ಬೀಗ ಹಿಡಿಸುವಂತೆ ಸಾಲಾಗಿ ತೂತುಗಳಿರುವ ಅದರ ಕೊಂಡಿಗೆ ನನ್ನ ಬೀಗ ಹಾಕಿದೆ.

“ಯಾರನ್ನ ಕೇಳಿ ಹಾಕಿದೆ?” ಸಾಹೇಬ ಓಡಿಬಂದ.

“ಬೋರ್ಡಲ್ಲಿ ಬರೆದಿದೆ ಸಾರ್. ಎಸಿ ರಿಪೇರಿ ನಡೀತಿದೆ. ನಿಮ್ಮ ಕೋಣೇಲಿರೋದು ಮೇಲೆ ಹತ್ತಲಿ, ಬೀಗ ತೆಗೀತೀನಿ.”

ನಿನ್ನಂಥ ಗ್ಯಾಸುಗಳು ಬೀದಿಗೆ ಹತ್ತು ಸಿಗುತ್ತವೆ, ಇವತ್ತಿಗೆ ನಿನ್ನ ಕೆಲಸ ಮುಗಿಯಿತು ಎಂದು ಕಿರುಚಿದ. ಆಗ ಮುಂದಿನ ಪಾಳಿಯವನು ಮೂರನೇ ಮೆಟ್ಟಿಲಿಂದ ಇಳಿದುಬಂದ. ನನ್ನ ಮುಖವನ್ನೂ ನೋಡದೆ ಕೊಂಡಿಯ ಎರಡನೇ ತೂತಿಗೆ ತನ್ನ ಬೀಗ ಹಾಕಿದ. ಕಾರ್ಖಾನೆಯ ವೈರಿಂಗ್ ನೋಡಿಕೊಳ್ಳುವ ಕರೆಂಟಿನವನು ಸ್ವಲ್ಪ ಹೊತ್ತು ಯೋಚಿಸಿ ತನ್ನದನ್ನೂ ಹಾಕಿದ.

ಧೂಳಜ್ಜಿಗೆ ಕಂಪನಿ ಬೀಗ ಕೊಟ್ಟೇ ಇಲ್ಲ. ಬುತ್ತಿ ಇಡುವ ತನ್ನ ತಗಡಿನ ಪೆಟ್ಟಿಗೆಯ ಬೀಗವನ್ನೇ ಬಿಚ್ಚಿಕೊಂಡು ಬಂದಳು.

“ಏ ಮುದುಕಿ, ಗುಡಿಸೋಳಿಗೆ ಇಲ್ಲೇನೇ ಕೆಲಸ?”

“ಎಸಿ ಕೆಟ್ಟಿದ್ದು ಧೂಳಿಂದ ತಾನೆ?” ಎಂದಳು. “ಇಲ್ಲಿರೋ ಧೂಳೆಲ್ಲ ನಂದೇ.”

ತುಕ್ಕು ಹಿಡಿದ ಆ ಬೀಗ ಒಂದೇ ಸಲಕ್ಕೆ ಕೂರಲಿಲ್ಲ. ಅಂಗೈಯಿಂದ ಗುದ್ದಿ ಕೂರಿಸಿದಳು. ಕೀಲಿ ಕೊಡು ಎಂದು ಸಾಹೇಬ ಕೈ ಚಾಚಿದ. ಅವಳು ಕೀಲಿಯನ್ನು ಎದೆಯೊಳಕ್ಕೆ ಇಳಿಬಿಟ್ಟುಕೊಂಡು ಅವನ ಕಣ್ಣನ್ನೇ ನೋಡಿದಳು.

“ತಾಕತ್ತಿದ್ರೆ ಬಂದು ತಗೋ.”

ಸಾಹೇಬನ ಕೈ ಚಾಚಿದಲ್ಲೇ ಉಳಿಯಿತು. ಅವನ ಹಿಂದೆ ಬಾನಿಯ ಕಬ್ಬಿಣ ಕಪ್ಪಗೆ ಕೆನೆಗಟ್ಟತೊಡಗಿತ್ತು. ನನ್ನ ಜೇಬಿನಲ್ಲಿ ಫೋನು ಬಡಿದುಕೊಂಡಿತು. ಅಕ್ಕನದು. ಒಂದು ಕೈಯಲ್ಲಿ ನಾಲ್ಕೂ ಬೀಗಗಳನ್ನು ಹಿಡಿದುಕೊಂಡೇ ಫೋನನ್ನು ಕಿವಿಗಿಟ್ಟೆ.