ಎರಡನೇ ಸಲ ಕೇಳಿದ್ದು

ಹಿರೇನಲ್ಲೂರಿನ ಆಚೆಗಿನ ಆ ಹಳ್ಳಿಯ ಶಾಲೆಗೆ ಇದ್ದದ್ದು ಒಂದೇ ಕೋಣೆ. ದೊಡ್ಡ ತರಗತಿಗಳು ಬೆಳಿಗ್ಗೆ, ಒಂದನೇ ತರಗತಿ ಮಧ್ಯಾಹ್ನ. ಹಾಲಮ್ಮನಿಗೆ ಆರು ವರ್ಷ. ಮೂರನೇ ತರಗತಿಯ ಅಕ್ಕ ಬೆಳಿಗ್ಗೆಯೇ ಬರುವವಳು. ಮಧ್ಯಾಹ್ನ ಹಳ್ಳ ದಾಟಿಸಿ ಚಿಕ್ಕವಳನ್ನು ಕರೆತರುವವರು ಯಾರೂ ಇರಲಿಲ್ಲ.

"ಎರಡ್ನೇ ಕ್ಲಾಸಿಗೆ ಹಾಕ್ಕೊಂಡ್ರೆ ಅಕ್ಕನ ಜತೆ ಬತ್ತಾಳೆ. ಇಲ್ದಿದ್ರೆ ಬ್ಯಾಡ ಬಿಡಿ ಟೀಚ್ರಮ್ಮ," ಎಂದುಬಿಟ್ಟಿದ್ದಳು ತಾಯಿ ಮಾರಮ್ಮ.

ಹಾಲಮ್ಮ ಕೂಡುವ, ಕಳೆಯುವ ಲೆಕ್ಕ ಬಲ್ಲಳೆಂಬುದು ಟೀಚರ್ ತೀರ್ಥಮ್ಮನಿಗೆ ಗೊತ್ತಿತ್ತು. ಆದರೆ ಒಂದು ತರಗತಿ ದಾಟಿಸಲು ಮೇಲಿನವರ ಒಪ್ಪಿಗೆ ಬೇಕು. ಹಾಗಾಗಿ ೧೯೭೯ರ ಆಷಾಢದಲ್ಲಿ, ಶಿಕ್ಷಕರಾಗುವವರಿಗೆ ಮನಶ್ಶಾಸ್ತ್ರ ಕಲಿಸುತ್ತಿದ್ದ ಓಂಕಾರಮೂರ್ತಿಯವರು ಮೇಲಿನವರ ಪರವಾಗಿ ಅವಳನ್ನು ಪರೀಕ್ಷಿಸಲು ತರೀಕೆರೆಯಿಂದ ಬಂದರು. ಮಕ್ಕಳ ಬುದ್ಧಿ ಮೆಟ್ಟಿಲು ಮೆಟ್ಟಿಲಾಗಿ ಬೆಳೆಯುತ್ತದೆ, ಏಳು ವರ್ಷದ ಮೆಟ್ಟಿಲು ಹತ್ತುವ ಮುಂಚೆ ಕಲಿತ ಲೆಕ್ಕವೆಲ್ಲ ಗಿಣಿಪಾಠ ಎಂಬುದು ಅವರು ನಂಬಿದ್ದ ಮಾತು.

ಹುಣಸೆಬೀಜಗಳನ್ನು ಎರಡು ಸಾಲಾಗಿ ಜೋಡಿಸಿ, ಯಾವುದರಲ್ಲಿ ಜಾಸ್ತಿ ಎಂದು ಕೇಳಿದರು. ಎರಡೂ ಸಮ ಎಂದಳು ಹಾಲಮ್ಮ. ಒಂದು ಸಾಲನ್ನು ಅಗಲಿಸಿ ಅದೇ ಪ್ರಶ್ನೆ ಕೇಳಿದರು. ಹುಡುಗಿ ಬೀಜಗಳನ್ನು ನೋಡಲಿಲ್ಲ, ಅವರ ಮುಖ ನೋಡಿದಳು. ಉದ್ದದ ಸಾಲನ್ನು ತೋರಿಸಿದಳು.

ಇನ್ನೊಂದು ವರ್ಷ ಹೋಗಲಿ ಎಂದರು ಮೂರ್ತಿಗಳು. ಬಾಗಿಲಲ್ಲಿ ನಿಂತಿದ್ದ ಮಾರಮ್ಮ ಸೆರಗು ಸರಿಮಾಡಿಕೊಂಡು ಹೊರಡಲು ಅಣಿಯಾದಳು.

ಮಗು ಬೇಸರಪಡಬಾರದೆಂದು ಅವರು ಚೀಲದಿಂದ ಬಿಸ್ಕತ್ತು ತೆಗೆದು ಬೇಕೇ ಎಂದರು. ಹಾಲಮ್ಮ ಬೇಡ ಎಂದಳು. ಮತ್ತೆ ಕೇಳಿದಾಗ ಕೈ ಚಾಚಿದಳು. ಆ ಕಡೆಯ ಮನೆಗಳಲ್ಲಿ ಮಕ್ಕಳಿಗೆ ಮೊದಲು ಕಲಿಸುವ ಮರ್ಯಾದೆಯೇ ಅದು. ದೊಡ್ಡವರು ಮತ್ತೆ ಕೇಳಿದರೆ ಮಾತು ಬದಲಿಸಬೇಕು.

"ಸಾರ್, ಬೇಡ ಅಂದಿದ್ದು ನಿಜವೋ, ಈಗ ತಗೊಂಡಿದ್ದು ನಿಜವೋ?" ಎಂದಳು ತೀರ್ಥಮ್ಮ. "ಬೀಜದ್ದೂ ಹಂಗೇ. ನೀವು ಮತ್ತೆ ಕೇಳಿದ್ರಿ, ಮೊದಲ್ನೇದು ತಪ್ಪಾಯ್ತೇನೋ ಅಂದ್ಕೊಂಡ್ಳು."

ಮೂರ್ತಿಗಳು ಅಂಗಿಯ ತೋಳು ಮಡಚಿ ಮತ್ತೆ ನೆಲದ ಮೇಲೆ ಕುಳಿತರು. ಏನೂ ಕೇಳದೆ ಸಾಲು ಜೋಡಿಸಿ, ಅವಳೆದುರೇ ಒಂದನ್ನು ಅಗಲಿಸಿ, ಒಂದೇ ಸಲ ಕೇಳಿದರು.

"ಸಮ," ಎಂದಳು ಹಾಲಮ್ಮ.

"ಯಾಕಮ್ಮ?"

"ದೂರ ದೂರ ಇಟ್ರಿ, ಅಷ್ಟೇಯ. ಬೇರೆ ಬೀಜ ಹಾಕ್ಲಿಲ್ವಲ್ಲ."

ಮಾರಮ್ಮನ ಪಕ್ಕದಲ್ಲಿದ್ದ ನಾಲ್ಕು ವರ್ಷದ ಮಗ ಬೀರಪ್ಪನನ್ನೂ ಹಾಗೆಯೇ ಒಂದೇ ಸಲ ಕೇಳಿದರು. ಅವನು ಉದ್ದದ ಸಾಲಿನಲ್ಲೇ ಜಾಸ್ತಿ ಎಂದ. ಎಣಿಸಿ ತೋರಿಸಿದರೂ ಒಪ್ಪಲಿಲ್ಲ. ಮೂರ್ತಿಗಳಿಗೆ ನಗು ಬಂತು.

"ಮೆಟ್ಟಿಲು ಇರೋದು ನಿಜ ತೀರ್ಥಮ್ಮ, ಇವನೇ ತೋರಿಸ್ದ. ಆದ್ರೆ ವಯಸ್ಸು ನೋಡಿ ಹತ್ತಿಲ್ಲ ಅಂದ್ಬಿಡೋದು ತಪ್ಪು. ನಾನು ಕೇಳಿದ ರೀತೀನೂ ತಪ್ಪು," ಎಂದು ಒಪ್ಪಿಗೆ ಬರೆದುಕೊಟ್ಟರು.

ಸೋಮವಾರ ಬೆಳಿಗ್ಗೆ ಮಾರಮ್ಮ ತಾನೇ ಹೆಣ್ಣುಮಕ್ಕಳಿಬ್ಬರನ್ನೂ ಕರೆತಂದಳು. ಹಾಲಮ್ಮನ ತಲೆಗೆ ಹಚ್ಚಿದ ಎಣ್ಣೆ ಹಣೆಗೆ ಇಳಿದಿತ್ತು. ಚಿಕ್ಕವಳು ಯಾಕೆ ಈ ಹೊತ್ತಿಗೆ ಎಂದು ಬಾವಿಕಟ್ಟೆಯ ಹೆಂಗಸರು ಕೇಳಿದರು. ಹೊಲಕ್ಕೆ ಹೊತ್ತಾಗಿದ್ದರೂ ಮಾರಮ್ಮ ನಿಂತಳು.

"ಎರಡ್ನೇ ಕ್ಲಾಸು ಕಣ್ರೀ ಇವ್ಳು. ಮೇಷ್ಟ್ರುಗಳಿಗೇ ಪಾಠ ಹೇಳೋರು ತರೀಕೆರೆಯಿಂದ ಬಂದು, ನೆಲದ ಮೇಲೆ ಕೂತು, ಒಪ್ಕೊಂಡು ಹೋದ್ರು."