ಉದ್ದ ತೋಳು

"ತೋಳು ಮಣಿಕಟ್ಟಿನ ತನಕ ಬರ್ಲಿ ಅಕ್ಕಾ," ಎಂದು ಅಂಗಡಿಯಲ್ಲಿ ಗುಂಡಿಗಳಿಗೆ ಕಾಜಾ ಹಾಕುವ ಹುಡುಗಿ ಕೈ ಚಾಚಿ ನಿಂತಳು.

ಈ ಸುಡು ಬೇಸಿಗೆಯಲ್ಲಿ! ಟೇಪು ಹಿಡಿದ ಟೈಲರಕ್ಕನ ಮೈಯೆಲ್ಲ ಉರಿಯಿತು. ಹುಡುಗಿಯ ಮೊಣಕೈ ಸುತ್ತ ಬೆರಳಿನ ಗುರುತುಗಳು ನೀಲಿಗಟ್ಟಿದ್ದವು.

"ಬಾಗಿಲು ತಗಲ್ತು."

"ಬಾಗಿಲಿಗೆ ಬೆರಳಿರತ್ತೇನೆ?"

"ಅವ್ರು ಕೆಟ್ಟೋರಲ್ಲ ಅಕ್ಕಾ. ಸಿಟ್ಟು ಬಂದಾಗ ಮಾತ್ರ ಹೀಗೆ."

ಸಿಟ್ಟಂತೆ! ಆ ಮಹಾರಾಯ ದಿನಾ ಸಂಜೆ ಹೆಂಡತಿಯನ್ನು ಕರೆದೊಯ್ಯಲು ಹಲ್ಲು ಕಿರಿಯುತ್ತ ಬಂದು ನಿಲ್ಲುತ್ತಿದ್ದ. 'ಎಷ್ಟು ಅಕ್ಕರೆ ನೋಡಿ' ಎಂದು ಬೀದಿಯವರು ಕೊಂಡಾಡುತ್ತಿದ್ದರು. ಅವರಿಗೆ ಕಣ್ಣಿಲ್ಲವೇ? ಅಂಗಡಿಯ ಮೇಲಿನ ಕೋಣೆ ಖಾಲಿಯಿದೆ, ಬಂದಿರು ಎಂದು ಟೈಲರಕ್ಕ ಬಾಯಿ ನೋಯುವಷ್ಟು ಸಲ ಹೇಳಿದ್ದಳು. ಹುಡುಗಿ ಮಾತ್ರ ತಲೆ ತಗ್ಗಿಸಿ ಕಾಜಾ ಹಾಕುತ್ತ ಕೂತಿರುತ್ತಿದ್ದಳು.

ಅವನ ಕೊಳಕು ಮುಚ್ಚಲು ನಾನೇಕೆ ಹೊಲಿಯಲಿ ಎಂದುಕೊಂಡ ಟೈಲರಕ್ಕ, ಹುಡುಗಿಯ ಬಟ್ಟೆಯನ್ನು ಹರವಿ ಮೊಣಕೈಯಿಂದ ಮೇಲಕ್ಕೇ ಕತ್ತರಿ ಆಡಿಸಿಬಿಟ್ಟಳು. ನೋಡಲಿ ಊರು!

ಹೊಲಿದ ಅಂಗಿ ಕಂಡು ಹುಡುಗಿಯ ಮುಖ ಬಿಳಿಚಿಕೊಂಡಿತು. "ಜನ ಕೇಳ್ತಾರೆ ಅಕ್ಕಾ."

"ಕೇಳ್ಲಿ ಅಂತಾನೇ."

"ಕೇಳಿ, ಅವರವರ ಮನೆಗೆ ಹೋಗ್ತಾರೆ. ನಾನು ನಮ್ಮನೆಗೆ ಹೋಗ್ಬೇಕಲ್ಲ?" ಅವಳು ಅಂಗಿ ಮಡಚಿಟ್ಟಳು. "ಅಲ್ಲಿ ಅವ್ರು ಹೇಳಿದ್ದು ಹಾಕ್ಕೋಬೇಕು, ಇಲ್ಲಿ ನೀವು ಹೊಲಿದಿದ್ದು."

ಅದನ್ನು ಮೇಜಿನ ಮೇಲೇ ಬಿಟ್ಟು ಹೊರಟುಹೋದಳು. ಮರುದಿನ ಬರಲಿಲ್ಲ, ವಾರವಾದರೂ ಬರಲಿಲ್ಲ. ಆ ಮನೆಯಿಂದ ಅವಳು ಹೊರಗೆ ಬರುತ್ತಿದ್ದುದು ಈ ಅಂಗಡಿಗೆ ಮಾತ್ರ. ಅದಕ್ಕೂ ನಾನೇ ಕಲ್ಲು ಹಾಕಿದೆನಲ್ಲ ಎಂದು ಟೈಲರಕ್ಕ ಒಳಗೊಳಗೇ ಬೆಂದಳು.

ಕೊನೆಗೆ ಬಂದವನು ಗಂಡ. "ಅವಳಿಗೆ ಹುಷಾರಿಲ್ಲ. ಇನ್ನು ಕೆಲಸಕ್ಕೆ ಬರಲ್ಲ," ಎಂದ, ಅದೇ ನಗುವಿನೊಂದಿಗೆ.

ಕತ್ತರಿ ಕೈಯಲ್ಲೇ ಇತ್ತು. ಟೈಲರಕ್ಕ ಅದನ್ನು ಮೆಲ್ಲಗೆ ಕೆಳಗಿಟ್ಟಳು. "ಹಾಗನ್ಬೇಡಪ್ಪ. ಅವಳಷ್ಟು ನೀಟಾಗಿ ಕಾಜಾ ಹಾಕೋರು ನಂಗೆ ಇನ್ಯಾರಿದ್ದಾರೆ? ನೀನು ಒಳ್ಳೇವನು, ಕಳಿಸಿಕೊಡು." ಒಳ್ಳೆಯವನು ಎನ್ನುವಾಗ ನಾಲಿಗೆಯೇ ಸುಟ್ಟಂತಾಯಿತು. ಅವನು ಉಬ್ಬಿಹೋಗಿ, ಆಗಲಿ ಎಂದ.

ಹುಡುಗಿ ಬಂದಾಗ ಅಂಗಿಯ ತೋಳಿಗೆ ಉಳಿದ ಬಟ್ಟೆಯ ತುಂಡು ಜೋಡಿಸಿ ಆಗಿತ್ತು. ಅಂಚು ಎಲ್ಲಿಗೆ ಮಡಚಬೇಕೆಂದು ನೋಡಲು ಟೈಲರಕ್ಕ ಗುಂಡುಪಿನ್ನುಗಳನ್ನು ತುಟಿಯಲ್ಲಿ ಕಚ್ಚಿಕೊಂಡು ಅವಳ ಮುಂದೆ ಕೂತಳು. ನೀಲಿ ಗುರುತು ಹಳದಿಗೆ ತಿರುಗಿತ್ತು. ಮಣಿಕಟ್ಟಿನಲ್ಲಿ ಹೊಸದೊಂದಿತ್ತು. ಬಾಯಿಗೆ ಬಂದ ಬೈಗುಳವನ್ನು ಪಿನ್ನುಗಳ ಹಿಂದೆಯೇ ತಡೆದಳು.

"ಅಕ್ಕಾ," ಹುಡುಗಿ ಬೀದಿಯ ಕಡೆ ನೋಡುತ್ತ ಕೇಳಿದಳು, "ಮೇಲಿನ ಕೋಣೆಗೆ ಒಳಗಿಂದ ಚಿಲಕ ಇದ್ಯಾ?"

ಟೈಲರಕ್ಕ ಇದೆ ಎಂಬಂತೆ ತಲೆಯಾಡಿಸಿದಳು. ತುಟಿಯಿಂದ ಒಂದು ಪಿನ್ನು ತೆಗೆದು, ಚರ್ಮಕ್ಕೆ ತಾಗದಂತೆ, ತೋಳಿನ ಅಂಚಿಗೆ ಚುಚ್ಚಿದಳು.