ಅಮದ್ರೋರ್ ಬಯಲಿನಲ್ಲಿ ಹದಿನೇಳು ಡಿಗ್ರಿ

ಲಖ್ದರನ ಎಡಗಣ್ಣು ಹೋದದ್ದು ನನ್ನ ಕೈಯಿಂದ. ಅದನ್ನು ಸುತ್ತಿ ಬಳಸಿ ಹೇಳುವುದರಲ್ಲಿ ಅರ್ಥವಿಲ್ಲ.

ಅವನು ಉತ್ತರದ ವಾರ್ಗ್ಲಾ ಊರಿನವನು. ಪ್ರವಾಸಿ ಗಾಡಿಗಳಿಗೆ ಹೊಸ ದಾರಿ ನೋಡಿ ಕೊಡುವುದು ಅವನ ಕೆಲಸ. ಜಾನೆತ್‌ನಿಂದ ಇದೆಲೆಸ್, ಅಲ್ಲಿಂದ ತಮನ್‌ರಾಸೆತ್. ಡಾಂಬರು ಮುಟ್ಟದೆ, ಮರುಭೂಮಿಯಲ್ಲೇ ಒಂಬತ್ತು ದಿನ. ಗಾಡಿ ನನ್ನದು. ಜೊತೆಗೆ ನನ್ನ ಸೋದರತ್ತೆಯ ಮಗ ಅಗಾಲಿ. ಹಿಂದಿನ ಚಳಿಗಾಲದಲ್ಲಿ ಅಗಾಲಿಯ ತಮ್ಮ ಸೂಮ್ ಇದೇ ದಾರಿಯಲ್ಲಿ ಇಬ್ಬರು ಅಪರಿಚಿತರನ್ನು ಬಾಡಿಗೆಗೆ ಕರೆದುಕೊಂಡು ಹೋಗಿದ್ದ. ಹನ್ನೊಂದು ದಿನದ ಮೇಲೆ ಸೂಮ್ ಸಿಕ್ಕ, ಗಾಡಿ ಸಿಗಲಿಲ್ಲ. ತಲೆಯ ಹಿಂದೆ ಗುಂಡು ಹೊಡೆದಿದ್ದರು. ನರಿಗಳು ಕೈಗಳನ್ನು ಉಳಿಸಿರಲಿಲ್ಲ. ಅವನನ್ನು ಹೂಳಿದವರು ನಾವಿಬ್ಬರೇ. ಆಮೇಲೆ ಬಂದ ಮೊದಲ ಬಾಡಿಗೆ ಇದು. ಒಪ್ಪಿಕೊಂಡಾಗ ಇಬ್ಬರ ತಲೆಯಲ್ಲೂ ಇದ್ದದ್ದು ಒಂದೇ: ಜೀವಂತ ವಾಪಸ್ ಬರಬೇಕು.

ಹೊರಡುವ ಹಿಂದಿನ ದಿನ ನಮ್ಮ ಅಂಗಳದಲ್ಲಿ ಕಂಬಳಿ ಹಾಸಿ, ದಾರಿ ನೋಡಲು ಏನೇನು ಒಯ್ಯಬೇಕೆಂದು ಹರಡಿಕೊಂಡೆವು. ಲಖ್ದರನದು ಒಂದು ಟ್ಯಾಬ್, ಅದರ ತುಂಬ ಆಕಾಶದಿಂದ ತೆಗೆದ ಚಿತ್ರಗಳು. ಮೇಲೆ ಎರಡು ಜಿಪಿಎಸ್. ನನ್ನದು ಫ್ರೆಂಚರ ಕಾಲದ ಆರು ಹಾಳೆ ನಕ್ಷೆ, ಡ್ಯಾಶ್‌ಬೋರ್ಡಿನ ಮೇಲಿನ ದಿಕ್ಸೂಚಿ ಮತ್ತು ಅಪ್ಪನ ನೆರಳು ತಟ್ಟೆ. ಹಿತ್ತಾಳೆಯ ತಟ್ಟೆ, ನಡುವೆ ಬೆರಳುದ್ದದ ಮೊಳೆ, ಅಂಚಿನಲ್ಲಿ ಡಿಗ್ರಿಯ ಗೀರುಗಳು. ಮೊಳೆಯ ನೆರಳು ಬಿದ್ದ ಕಡೆ ನೋಡಿ, ಗಂಟೆ ನೋಡಿ, ದಿಕ್ಕು ಹೇಳಬಹುದು.

"ಯಜಮಾನ್ರೇ, ಈ ನಕ್ಷೆ ಬರೆದೋರ ಮೊಮ್ಮಕ್ಕಳಿಗೂ ಹಲ್ಲು ಉದುರಿರ್ತವೆ," ಎಂದ ಲಖ್ದರ್.

"ಗುಡ್ಡ ಇನ್ನೂ ಅಲ್ಲೇ ನಿಂತಿದೆಯಲ್ಲ."

"ಈ ತಟ್ಟೆ ಯಾತಕ್ಕೆ, ಮೊಟ್ಟೆ ಹುರಿಯೋಕಾ?"

ಅಗಾಲಿ ನಕ್ಕ. "ಹುಷಾರಪ್ಪ. ಅದು ಅವರಪ್ಪಂದು. ಅದರ ತಂಟೆಗೆ ಹೋದ್ರೆ ನಮ್ಮ ಭಾವ ಕಚ್ತಾನೆ."

"ನೀನು ನಿನ್ನ ರಬ್ಬರ್ ಕೆಲಸ ನೋಡು," ಎಂದೆ ನಾನು. ಅಗಾಲಿಗೆ ಅದೊಂದು ಚಟ. ಹಳೆಯ ಟ್ಯೂಬನ್ನು ಪಟ್ಟಿಪಟ್ಟಿಯಾಗಿ ಕತ್ತರಿಸಿಟ್ಟುಕೊಂಡು ಲೋಕದಲ್ಲಿ ಸಿಕ್ಕಿದ್ದನ್ನೆಲ್ಲ ಅದರಿಂದಲೇ ಕಟ್ಟುತ್ತಾನೆ. ನಕ್ಷೆಗಳ ಸುರುಳಿಯನ್ನೂ ಹಾಗೇ ಕಟ್ಟಿದ.

ಕೊನೆಗೆ ಎಲ್ಲವನ್ನೂ ಒಯ್ಯುವುದೆಂದಾಯಿತು. ಮರುದಿನ ಬೆಳಿಗ್ಗೆ ಊರ ಹೊರಗಿನ ಬಯಲಿನಲ್ಲಿ, ನೀರಿನ ಕ್ಯಾನು, ಜಾಕಿ, ಸಲಿಕೆ ಎಲ್ಲ ತುಂಬಿದ ಗಾಡಿಯನ್ನು ಎಂಟು ದಿಕ್ಕಿಗೂ ತಿರುಗಿಸಿ ನಿಲ್ಲಿಸಿದೆ. ಗಾಡಿಯ ಕಬ್ಬಿಣ ದಿಕ್ಸೂಚಿಯ ಮುಳ್ಳನ್ನು ಎಳೆಯುತ್ತದೆ. ಯಾವ ದಿಕ್ಕಿಗೆ ಎಷ್ಟು ಎಳೆಯುತ್ತದೆಂದು ನೆರಳಿನ ಜೊತೆ ತಾಳೆ ನೋಡಿ, ರಟ್ಟಿನ ಮೇಲೆ ಬರೆದು ಡ್ಯಾಶ್‌ಬೋರ್ಡಿಗೆ ಅಂಟಿಸಿದೆ.

"ಇನ್ಮೇಲೆ ಕಬ್ಬಿಣದ್ದು ಒಂದು ಮೊಳೆನೂ ಜಾಗ ಬಿಟ್ಟು ಅಲ್ಲಾಡಬಾರ್ದು. ಹಿಂದೆ ಇರೋದು ಹಿಂದೆ, ಮುಂದೆ ಇರೋದು ಮುಂದೆ. ಕೇಳಿಸ್ತಾ?"

ಇಬ್ಬರೂ ತಲೆಯಾಡಿಸಿದರು.

ಎರಡನೆಯ ದಿನ ಮರಳ ದಿಬ್ಬಗಳನ್ನು ದಾಟಿ ಒಂದು ಬಾವಿಯ ಹತ್ತಿರ ನಿಂತೆವು. ಅಲ್ಲಿ ಎರಡು ಗಾಡಿಗಳ ಹಸಿ ಗುರುತುಗಳಿದ್ದವು. ಬೂದಿ ಇಲ್ಲ, ಚಹಾ ಸೊಪ್ಪು ಚೆಲ್ಲಿಲ್ಲ. ಒಳ್ಳೆಯವರು ಬಾವಿಯ ಹತ್ತಿರ ನಿಂತರೆ ಚಹಾ ಕಾಯಿಸದೆ ಹೋಗುವುದಿಲ್ಲ. ಅಗಾಲಿ ಆ ಗುರುತುಗಳ ಪಕ್ಕ ಬಹಳ ಹೊತ್ತು ಕುಕ್ಕರಗಾಲಲ್ಲಿ ಕೂತಿದ್ದ. ಆವತ್ತು ಅವನು ರೊಟ್ಟಿ ಮುಟ್ಟಲಿಲ್ಲ.

ಮೂರನೆಯ ಬೆಳಿಗ್ಗೆ ಅಮದ್ರೋರ್ ಬಯಲು. ಸುತ್ತ ಜಲ್ಲಿ ಬಿಟ್ಟರೆ ಏನೂ ಇಲ್ಲ. ಅದರ ಅಂಚಿನಲ್ಲಿ ಒಣ ಹಳ್ಳವೊಂದರಲ್ಲಿ ನಾಲ್ಕು ಮುಳ್ಳುಮರಗಳಿದ್ದವು, ಅಗಾಲಿ ಸೌದೆಗೆ ಅತ್ತ ಹೋದ. ನಾನು ಬಾನೆಟ್ಟಿನ ಮೇಲೆ ತಟ್ಟೆ ಇಟ್ಟೆ. ಗಾಡಿಯ ಮೂತಿ ಇರುವ ದಿಕ್ಕನ್ನು ನೆರಳು ಇನ್ನೂರ ಎಂಬತ್ತು ಎಂದಿತು. ರಟ್ಟು ನೋಡಿ ಲೆಕ್ಕ ಹಾಕಿದರೆ ದಿಕ್ಸೂಚಿ ಇನ್ನೂರ ಅರವತ್ತಮೂರು. ಹದಿನೇಳು ಡಿಗ್ರಿ ಆಚೆ.

"ನನ್ನ ಜಿಪಿಎಸ್ಸೂ ಆಗಲೇ ಇನ್ನೂರ ಎಂಬತ್ತು ತೋರಿಸ್ತು," ಎಂದ ಲಖ್ದರ್, ಇಳಿದು ಮೈಮುರಿಯುತ್ತ. "ನಿಮ್ಮ ಕಂಪಾಸಿಗೆ ವಯಸ್ಸಾಯ್ತು ಯಜಮಾನ್ರೇ. ಮದುವೆ ಮಾಡಿಸಿ."

"ನಿನ್ನ ಟ್ಯಾಬ್, ಜಿಪಿಎಸ್ ತಗೊಂಡು ಹತ್ತು ಹೆಜ್ಜೆ ಆಚೆ ಹೋಗು."

ಹೋದ. ಮುಳ್ಳು ಅಲ್ಲಾಡಲಿಲ್ಲ. ವಾಪಸ್ ಬಂದ.

"ಮುಂದೆ ಏನು ತಂದಿಟ್ಟೆ?"

"ನನ್ನ ಮೊಣಕಾಲು. ಬೇರೆಲ್ಲಿಡಲಿ?"

ಅವನು ಕೂರುವ ಕಡೆ ಬಗ್ಗಿ ಡ್ಯಾಶ್‌ಬೋರ್ಡಿನ ಅಡಿಗೆ ಕೈ ಹಾಕಿದೆ. ವೈರುಗಳ ಹಿಂದೆ ತಣ್ಣಗೆ ತಗುಲಿತು. ಎಳೆದೆ. ಪಿಸ್ತೂಲು.

ಸೂಮ್‌ನ ತಲೆಯ ಹಿಂಭಾಗ ಕಣ್ಣಿಗೆ ಬಂತು. ಲಖ್ದರ್ ಬಾಯಿ ತೆರೆಯುವ ಮೊದಲೇ ಪಿಸ್ತೂಲಿನ ಹಿಡಿಯಿಂದ ದವಡೆಗೆ ಹೊಡೆದೆ. ಬಿದ್ದ. ಪಕ್ಕೆಗೆ ಒದ್ದೆ, ಒಳಗೆ ಏನೋ ಮುರಿದದ್ದು ನನ್ನ ಕಾಲಿಗೆ ಗೊತ್ತಾಯಿತು. ಟ್ಯಾಬ್ ನನ್ನ ಹಿಮ್ಮಡಿಯ ಕೆಳಗೆ ಪುಡಿಯಾಯಿತು. ಬೆಲ್ಟಿನಲ್ಲಿದ್ದ ಎರಡು ಜಿಪಿಎಸ್‌ಗಳನ್ನೂ ಕಿತ್ತು ಬಂಪರಿಗೆ ಬಡಿದೆ, ಯಾರಿಗೂ ನಾವೆಲ್ಲಿದ್ದೇವೆಂದು ತಿಳಿಸಬಾರದು ಅಂತ. ಅವನು ತೆವಳಿ ಎದ್ದು, ಗಾಡಿಗೆ ಒರಗಿ ನಿಂತು, ಕೈಗೆ ಸಿಕ್ಕಿದ್ದನ್ನು ಹಿಡಿದು ಜಗ್ಗಿದ. ಸಿಕ್ಕಿದ್ದು ನನ್ನ ಮುಖದ ಬಟ್ಟೆ.

ನಮ್ಮ ಜನರಲ್ಲಿ ಗಂಡಸಿನ ಬಾಯಿಯ ಬಟ್ಟೆ ಎಳೆಯುವುದೆಂದರೆ ಅವನನ್ನು ಬೆತ್ತಲೆ ಮಾಡಿದ ಹಾಗೆ; ನನ್ನ ಬಾಯಿಯನ್ನು ಹೆಂಡತಿಯ ತಾಯಿಯೂ ನೋಡಿಲ್ಲ. ಅದುವರೆಗೆ ನಾನು ಹೊಡೆಯುತ್ತಿದ್ದೆ. ಅಲ್ಲಿಂದ ಕೊಲ್ಲತೊಡಗಿದೆ. ಬಾನೆಟ್ಟಿನ ಮೇಲಿನ ತಟ್ಟೆ ಎಡಗೈಗೆ ಬಂತು. ಅದನ್ನು ಅವನ ಮುಖಕ್ಕೆ ಬಡಿದೆ, ಮೊಳೆಯ ಕಡೆಯಿಂದ.

ಅವನು ಕೂಗಿದ್ದು ಹಳ್ಳದವರೆಗೆ ಕೇಳಿಸಿತಂತೆ. ನನಗೆ ಕೇಳಿಸಲಿಲ್ಲ. ಅವನನ್ನು ಬೋರಲು ಕೆಡವಿ, ಬೆನ್ನಿನ ಮೇಲೆ ಮಂಡಿಯೂರಿ, ಪಿಸ್ತೂಲನ್ನು ತಲೆಯ ಹಿಂದೆ ಒತ್ತಿದೆ.

"ಸೂಮ್‌ನ ಹೆಂಗೆ ಕೊಂದೆ ಹೇಳು."

"ಯಾವ ಸೂಮ್? ಅಣ್ಣಾ, ಯಾವ ಸೂಮ್?"

ಓಡಿಬಂದ ಅಗಾಲಿ ನನ್ನ ಕೈಗೆ ಒದ್ದ. ಗುಂಡು ಜಲ್ಲಿಗೆ ಹೊಕ್ಕು ಕಲ್ಲು ಸಿಡಿಯಿತು.

"ಅದು ನಂದು," ಎಂದ. ಅವನ ಎದೆ ಏರಿ ಇಳಿಯುತ್ತಿತ್ತು. "ಭಾವ, ಅದು ನಂದು. ಕಟ್ಟಿರೋದು ಯಾತ್ರಲ್ಲಿ ನೋಡು."

ನೋಡಿದೆ. ಹಿಡಿಯ ಸುತ್ತ ಟ್ಯೂಬಿನ ಪಟ್ಟಿ ಇನ್ನೂ ನೇತಾಡುತ್ತಿತ್ತು.

"ಎರಡು ದಿನ ಗಾಡಿ ಹಿಂಭಾಗದಲ್ಲಿ, ಹಿಟ್ಟಿನ ಚೀಲದಲ್ಲಿತ್ತು. ಬಾವಿ ಹತ್ರ ಆ ಗುರುತು ನೋಡಿದ್ಮೇಲೆ ಮುಂದೆ ತಂದು ಕಟ್ಟಿದೆ. ಮಧ್ಯ ಕೂರೋನು ನಾನು, ಕೈಗೆ ಸಿಗ್ಲಿ ಅಂತ."

"ನನಗ್ಯಾಕೆ ಹೇಳ್ಲಿಲ್ಲ?"

"ನಿನಗಾ? ಅದು ನಿನ್ನ ಕೈಗೆ ಸಿಕ್ಕಿ ಎಷ್ಟು ಹೊತ್ತಾಯ್ತು? ಅಲ್ನೋಡು ಏನು ಮಾಡಿದೀಯ."

ಅವನಿಗೂ ಹೊಡೆದೆ. ಅವನು ತಿರುಗಿ ಹೊಡೆದು ನನ್ನ ಮುಂದಿನ ಹಲ್ಲೊಂದನ್ನು ಉದುರಿಸಿದ. ಇಬ್ಬರೂ ಜಲ್ಲಿಯ ಮೇಲೆ ಉರುಳಾಡಿದೆವು. ನಿಲ್ಲಿಸಿದ್ದು ಲಖ್ದರನ ಉಸಿರಿನ ಸದ್ದು. ಒದ್ದೆ ಬಟ್ಟೆ ಹಿಂಡಿದ ಹಾಗಿತ್ತು.

ಆಸ್ಪತ್ರೆ ಎಂದರೆ ಇದೆಲೆಸ್, ಒಂದೂವರೆ ದಿನದ ದಾರಿ. ತಪ್ಪಿದರೆ ಅವನು ಬದುಕುವುದಿಲ್ಲ. ಟ್ಯಾಬ್ ಇಲ್ಲ, ಜಿಪಿಎಸ್ ಇಲ್ಲ, ತಟ್ಟೆಯ ಮೊಳೆ ಬಾಗಿಹೋಗಿತ್ತು. ಉಳಿದದ್ದು ಕಾಗದ ಮತ್ತು ದಿಕ್ಸೂಚಿ. ಅಗಾಲಿ ತನ್ನ ಮುಂಡಾಸು ಹರಿದು ಅವನ ಕಣ್ಣು, ಪಕ್ಕೆ ಕಟ್ಟಿದ. ಎತ್ತಲು ಹೋದರೆ ಲಖ್ದರ್ ಗಾಲಿಯನ್ನು ತಬ್ಬಿ ಹಿಡಿದುಕೊಂಡ.

"ಅದಿದ್ರೆ ನಾನು ಹತ್ತಲ್ಲ."

"ಹಿಟ್ಟಿನ ಚೀಲಕ್ಕೇ ವಾಪಸ್ ಹಾಕ್ತೀನಿ," ಎಂದ ಅಗಾಲಿ.

"ಹತ್ತಲ್ಲ. ಇಲ್ಲೇ ಸಾಯ್ತೀನಿ."

"ಆ ಗಾಡಿಯೋರು ಎದುರು ಬಂದ್ರೆ?" ಅಗಾಲಿ ನನ್ನನ್ನು ಕೇಳಿದ.

"ಬಂದ್ರೆ ಬರ್ಲಿ. ಅದನ್ನ ಎಸೆ."

ಪಿಸ್ತೂಲು ಅವನು ತಮ್ಮನ ಒಂಟೆಗಳನ್ನು ಮಾರಿ ಕೊಂಡದ್ದಂತೆ. ಹಳ್ಳದವರೆಗೆ ನಡೆದುಹೋಗಿ ಎಸೆದು ಬಂದ. ದಿಕ್ಸೂಚಿಯ ಮುಳ್ಳು ರಟ್ಟಿನಲ್ಲಿ ಬರೆದ ಜಾಗಕ್ಕೆ ಬಂದು ನಿಂತಿತ್ತು.

ಅಗಾಲಿ ಗಾಡಿ ಓಡಿಸಿದ. ನಾನು ಮಧ್ಯ ಕೂತು, ಲಖ್ದರ್ ಕುಲುಕದಂತೆ ಹಿಡಿದುಕೊಂಡು, ಮುಳ್ಳು ನೋಡುತ್ತ ಎಡ ಬಲ ಹೇಳಿದೆ. ಅವನ ರಕ್ತ ನನ್ನ ತೊಡೆಯ ಮೇಲೆ ಹೆಪ್ಪುಗಟ್ಟಿತು. ಮರುದಿನ ಬೆಳಿಗ್ಗೆ ಕಪ್ಪು ಗುಡ್ಡಗಳ ಬುಡ ಮುಟ್ಟಿದೆವು. ನಕ್ಷೆಯಲ್ಲಿ ನೇರ ಮುಂದೆ ಒಂದು ಕಣಿವೆ, ಅದು ಅರ್ಧ ದಿನ ಉಳಿಸುತ್ತದೆ. ಅಗಾಲಿ ಅತ್ತ ತಿರುಗಿಸಿದ.

"ಬೇಡ," ಎಂದ ಲಖ್ದರ್. ಒಡೆದ ದವಡೆಯಿಂದ ಮಾತು ಸರಿಯಾಗಿ ಹೊರಡುತ್ತಿರಲಿಲ್ಲ. "ಒಳಗೆ ಬಂಡೆ ಕುಸಿದಿದೆ. ಚಿತ್ರದಲ್ಲಿ ನೋಡಿದೀನಿ. ಎಡಕ್ಕೆ ಹೋಗಿ, ಗುಡ್ಡ ಸುತ್ತಿ."

ಅಗಾಲಿ ನನ್ನ ಕಿವಿಯಲ್ಲಿ, "ಸಿಟ್ಟಿಗೆ ಸುಳ್ಳು ಹೇಳ್ತಿದ್ರೆ? ಎಡಕ್ಕೆ ಬರೀ ಮರಳು. ಅವನೂ ಸಾಯ್ತಾನೆ, ನಾವೂ ಸಾಯ್ತೀವಿ," ಎಂದ.

ಲಖ್ದರನ ಉಳಿದ ಕಣ್ಣು ನನ್ನನ್ನೇ ನೋಡುತ್ತಿತ್ತು. ನನ್ನ ಬಾಯಿಯ ಮೇಲೆ ಇನ್ನೂ ಬಟ್ಟೆ ಇರಲಿಲ್ಲ, ಕಟ್ಟಿಕೊಳ್ಳುವುದು ಮರೆತೇ ಹೋಗಿತ್ತು.

"ಎಡಕ್ಕೆ," ಎಂದೆ.

ಗುಡ್ಡ ಸುತ್ತುವಾಗ ಕಣಿವೆಯ ಆಚೆ ಬಾಯಿ ಕಂಡಿತು. ಮನೆಯಷ್ಟು ದೊಡ್ಡ ಬಂಡೆಗಳು ಅದನ್ನು ಮುಚ್ಚಿದ್ದವು. ಸಂಜೆಗೆ ಮೊದಲು ಇದೆಲೆಸ್ ತಲುಪಿದೆವು.

ಆಸ್ಪತ್ರೆಗೆ ಪೊಲೀಸರು ಬಂದರು. ಗಾಡಿ ಮಗುಚಿತೆಂದು ಹೇಳಲು ಅಗಾಲಿ ಬಾಯಿ ತೆರೆದಿದ್ದ. ನಾನು ಅವನ ತೋಳು ಹಿಡಿದು ನಿಲ್ಲಿಸಿದೆ. ಮಂಚದ ಮೇಲಿಂದ ಲಖ್ದರ್ ಬೆರಳೆತ್ತಿ ನನ್ನನ್ನು ತೋರಿಸಿದ.

"ಹೊಡೆದೋನೂ ಇವನೇ. ಹೊತ್ತು ತಂದೋನೂ ಇವನೇ. ಎರಡೂ ಬರ್ಕೊಳ್ಳಿ."

ಬರೆದುಕೊಂಡರು. ಮೊದಲನೆಯದಕ್ಕೆ ನಾಲ್ಕು ವರ್ಷ ಜೈಲು, ಎರಡನೆಯದಕ್ಕೆ ಅದರಲ್ಲಿ ಒಂದು ವರ್ಷ ಕಡಿಮೆ.